ರಾಮಬಾಣವೋ ಶಬ್ದವೇಧಿಯೋ? ಆಲ್ಫಾ ಕಿರಣ ಚಿಕಿತ್ಸೆಗೆ ಸಂದಿರುವ ಒಂದು ಉಪಮಾನದ ಪರೀಕ್ಷೆ

ಔಷಧವೊಂದು ಫಲಕಾರಿಯೆಂದು ತೋರಿದೊಡನೆ ಅದನ್ನು ರಾಮಬಾಣವೆಂದು ಕರೆಯುವುದು ನಮ್ಮ ಭಾಷೆಯಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಜ್ವರದ ಕಷಾಯಕ್ಕೂ ಕೀಲುನೋವಿನ ತೈಲಕ್ಕೂ ಸಲ್ಲುತ್ತಿದ್ದ ಈ ಬಿರುದು ಈಗ ಪರಮಾಣು ವೈದ್ಯದವರೆಗೂ ಬಂದಿದೆ. ಆಲ್ಫಾ ಕಣಗಳನ್ನು ಸೂಸುವ ವಿಕಿರಣಶೀಲ ವಸ್ತುವನ್ನು ರೋಗಿಯ ರಕ್ತನಾಳಕ್ಕೆ ಚುಚ್ಚಿ, ಅದು ಕ್ಯಾನ್ಸರ್ ಗೆಡ್ಡೆಗಳನ್ನು ತಾನಾಗಿಯೇ ಅರಸಿಕೊಂಡು ಹೋಗಿ ನಾಶಮಾಡುವಂತೆ ಏರ್ಪಡಿಸುವ ಚಿಕಿತ್ಸೆಯೊಂದು ಬಳಕೆಗೆ ಬಂದಿರುವುದಷ್ಟೆ. ಇದನ್ನು ಸಾಮಾನ್ಯವಾಗಿ “ಗುರಿಯಿಟ್ಟ ಚಿಕಿತ್ಸೆ” ಎನ್ನುತ್ತಾರೆ. ಉತ್ಸಾಹವೇರಿದಾಗ “ರಾಮಬಾಣ” ಎನ್ನುತ್ತಾರೆ. ಪಾಶ್ಚಾತ್ಯರಲ್ಲಿ ಇದಕ್ಕೆ ಸಮನಾಗಿ “ಮಾಂತ್ರಿಕ ಗುಂಡು” ಎಂಬ ಮಾತುಂಟು. ಅದು ಜರ್ಮನಿಯ ವೈದ್ಯವಿಜ್ಞಾನಿ ಪಾಲ್ ಎರ್ಲಿಕನಿಂದ ಬಂದುದು. ಚಿಕಿತ್ಸೆಯ ಗುಣದೋಷಗಳನ್ನು ವೈದ್ಯನ ತಕ್ಕಡಿಯಲ್ಲಿ ತೂಗುವ ಅಧಿಕಾರ ಇತಿಹಾಸದ ಅಧ್ಯಾಪಕನಿಗಿಲ್ಲ. ಆದರೆ ವಸ್ತುವೊಂದಕ್ಕೆ ಇಟ್ಟ ಹೆಸರು ಆ ವಸ್ತುವಿನ ಚರಿತ್ರೆಗೆ ಹೊಂದುತ್ತದೆಯೋ ಇಲ್ಲವೋ ಎಂದು ಕೇಳುವುದು ಅವನ ಕೆಲಸಕ್ಕೆ ಹೊರತಾದುದಲ್ಲ.

ಹೆಸರಿನಿಂದೇನಾದೀತು ಎನ್ನುವವರು ಬೆಂಗಳೂರಿನ ಶಿವಾಜಿನಗರದ ಆಸ್ಪತ್ರೆಗಳ ಫಲಕಗಳನ್ನು ಒಮ್ಮೆ ನಿಂತು ಓದಬೇಕು. ಬೌರಿಂಗ್ ಎಂಬುದು ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರನಾಗಿದ್ದ ಲೆವಿನ್ ಬೆಂಥಂ ಬೌರಿಂಗನ ಹೆಸರು. ಅದರೊಡನೆ ಸೇರಿರುವ ಲೇಡಿ ಕರ್ಜನ್ ಎಂಬುದು ವೈಸರಾಯನೊಬ್ಬನ ಪತ್ನಿಯ ಹೆಸರು. ಸಮೀಪದಲ್ಲಿಯೇ ಇರುವ ಹಾಜಿ ಸರ್ ಇಸ್ಮಾಯಿಲ್ ಸೇಠ್ ಘೋಷಾ ಆಸ್ಪತ್ರೆಯ ಹೆಸರಿನಲ್ಲಿ ದಾನಿಯ ಗುರುತೂ ಉಂಟು, ಪರದೆಯೊಳಗಿನ ಸ್ತ್ರೀಯರಿಗಾಗಿ ಏರ್ಪಟ್ಟುದೆಂಬ ಸೂಚನೆಯೂ ಉಂಟು. ೧೯೪೭ರಲ್ಲಿ ಮೈಸೂರಿಗೆ ಮರಳಿ ಬರುವವರೆಗೆ ಬ್ರಿಟಿಷರ ಆಡಳಿತದಲ್ಲಿದ್ದ ದಂಡು ಪ್ರದೇಶದಲ್ಲಿ ಆಳಿದವರು ಯಾರು, ಕೊಟ್ಟವರು ಯಾರು, ಬಾಗಿಲು ಯಾರಿಗಾಗಿ ತೆರೆಯಿತು ಎಂಬುದನ್ನು ಈ ಮೂರು ಹೆಸರುಗಳೇ ಹೇಳುತ್ತವೆ. ಆಸ್ಪತ್ರೆಯ ಹೆಸರು ಇಷ್ಟನ್ನು ಹೇಳಬಲ್ಲುದಾದರೆ ಚಿಕಿತ್ಸೆಯ ಹೆಸರು ಇನ್ನೂ ಹೆಚ್ಚನ್ನು ಹೇಳುತ್ತದೆ. ಏಕೆಂದರೆ ರೋಗಿಯಾಗಲಿ ಅವನ ಮನೆಯವರಾಗಲಿ ವೈದ್ಯಪತ್ರಿಕೆಗಳ ವರದಿಗಳನ್ನು ಓದುವವರಲ್ಲ. ಅವರ ಕಿವಿಗೆ ಬೀಳುವುದು ಒಂದೆರಡು ಮಾತು. ಜಮೀನು ಮಾರುವುದೋ ಬೇಡವೋ, ಉಳಿದ ತಿಂಗಳುಗಳನ್ನು ಊರಿನಲ್ಲಿ ಕಳೆಯುವುದೋ ಆಸ್ಪತ್ರೆಯಲ್ಲಿ ಕಳೆಯುವುದೋ ಎಂಬ ನಿರ್ಧಾರ ಆ ಒಂದೆರಡು ಮಾತಿನ ಮೇಲೆ ನಿಲ್ಲುತ್ತದೆ. “ಗುರಿಯಿಟ್ಟ” ಎಂದು ಕೇಳಿದವನು “ಬೇರೆಲ್ಲಿಯೂ ತಗುಲದ” ಎಂದು ತಿಳಿಯುತ್ತಾನೆ. ಹಾಗೆ ತಿಳಿಯುವುದು ಅವನ ತಪ್ಪಲ್ಲ.

ಗುರಿ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬಹುದು. ಶಿವಾಜಿನಗರದ ಬೀದಿಗಳಲ್ಲಿ ಕನ್ನಡ, ತಮಿಳು, ದಖನಿ ಉರ್ದು ಮೂರೂ ಒಟ್ಟಿಗೆ ಕೇಳಿಬರುತ್ತವೆ. ಕನ್ನಡದ ಗುರಿ, ಗುರುತು ಎಂಬೆರಡು ಶಬ್ದಗಳು ಒಂದೇ ಮೂಲದವು; ಹಳಗನ್ನಡದಲ್ಲಿ ಇವೆರಡನ್ನೂ ಶಕಟರೇಫೆಯಿಂದ ಬರೆಯುತ್ತಿದ್ದರು. ಇವುಗಳ ಜ್ಞಾತಿಯಾದ ತಮಿಳಿನ “ಕುಱಿ” ಎಂಬ ಒಂದೇ ಶಬ್ದಕ್ಕೆ ಚಿಹ್ನೆಯೆಂದೂ ಅರ್ಥ, ಬಾಣ ಮುಟ್ಟಬೇಕಾದ ಲಕ್ಷ್ಯವೆಂದೂ ಅರ್ಥ. ಪಾರಸಿಯಿಂದ ಉರ್ದುವಿಗೆ ಬಂದ “ನಿಶಾನ್” ಎಂಬುದರಿಂದ ಲಕ್ಷ್ಯವನ್ನು ಹೇಳುವ “ನಿಶಾನಾ” ಎಂಬುದೂ ಗುರುತನ್ನು ಹೇಳುವ “ನಿಶಾನಿ” ಎಂಬುದೂ ಹುಟ್ಟಿವೆ. ಮೂರು ಭಾಷೆಗಳಲ್ಲಿಯೂ ಲಕ್ಷ್ಯಕ್ಕೂ ಚಿಹ್ನೆಗೂ ನಂಟು ಉಳಿದುಬಂದಿದೆ. ಹೊಡೆಯುವವನು ವಸ್ತುವನ್ನು ಹೊಡೆಯುವುದಿಲ್ಲ, ವಸ್ತುವಿನ ಗುರುತನ್ನು ಹೊಡೆಯುತ್ತಾನೆ ಎಂಬ ತಿಳಿವಳಿಕೆ ಇಲ್ಲಿ ಅಡಗಿದೆ. “ಗುರಿಯಿಟ್ಟ ಚಿಕಿತ್ಸೆ” ಎಂದು ಅನುವಾದಿಸಿದಾಗ ನಾವು ಗುರಿಯನ್ನು ಉಳಿಸಿಕೊಂಡು ಗುರುತನ್ನು ಮರೆತೆವೆಂದು ನನ್ನ ಅಭಿಪ್ರಾಯ.

ರಾಮಾಯಣದಲ್ಲಿಯೇ ಇದಕ್ಕೆ ತಕ್ಕ ಬೇರೊಂದು ಬಾಣವಿದೆ. ಅಯೋಧ್ಯಾಕಾಂಡದಲ್ಲಿ, ರಾಮನು ಕಾಡಿಗೆ ಹೊರಟುಹೋದ ಮೇಲೆ, ದಶರಥನು ತನ್ನ ಯೌವನದ ಪಾಪವೊಂದನ್ನು ಕೌಸಲ್ಯೆಗೆ ಹೇಳಿಕೊಳ್ಳುತ್ತಾನೆ. ಕಣ್ಣಿಗೆ ಕಾಣದುದನ್ನು ಸದ್ದಿನಿಂದಲೇ ಹೊಡೆಯಬಲ್ಲ ಶಬ್ದವೇಧಿಯೆಂದು ಅವನಿಗೆ ಹೆಸರಿತ್ತು. ಸರಯೂ ತೀರದ ಕತ್ತಲೆಯಲ್ಲಿ ಕೊಡ ತುಂಬುವ ಸದ್ದು ಆನೆಯ ಸದ್ದಿನಂತೆ ಕೇಳಿಸಿತು. ಬಾಣ ಬಿಟ್ಟನು. ಬಿದ್ದವನು ಕುರುಡು ತಂದೆತಾಯಿಗಳಿಗಾಗಿ ನೀರು ತರಲು ಬಂದಿದ್ದ ಹುಡುಗ. ಈ ಪ್ರಸಂಗದಲ್ಲಿ ದಶರಥನ ಬಿಲ್ಗಾರಿಕೆಗೆ ಯಾವ ಕೊರತೆಯೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಬಾಣವು ಸದ್ದು ಬಂದ ಎಡೆಗೇ ಹೋಯಿತು. ತಪ್ಪಿದುದು ಗುರಿಯಲ್ಲ, ಗುರುತು. ರಾಮಬಾಣವನ್ನು ನಡೆಸುವುದು ಬಿಟ್ಟವನ ಸಂಕಲ್ಪ. ಶಬ್ದವೇಧಿಯನ್ನು ನಡೆಸುವುದು ಒಂದು ಹೋಲಿಕೆ. ಆಲ್ಫಾ ಚಿಕಿತ್ಸೆಯ ಚರಿತ್ರೆಯಲ್ಲಿ ಇವೆರಡರಲ್ಲಿ ಯಾವುದು ಕಾಣುತ್ತದೆ ಎಂಬುದೇ ಪ್ರಕೃತ ವಿಚಾರ.

ಮೊದಲು ಬಾಣದ ಮೊನೆಯನ್ನು ಕುರಿತು ಎರಡು ಮಾತು. ಆಲ್ಫಾ ಕಣವೆಂದರೆ ಎರಡು ಪ್ರೋಟಾನು, ಎರಡು ನ್ಯೂಟ್ರಾನುಗಳು ಒಂದಾಗಿ ಕೂಡಿದ ಹೀಲಿಯಂ ಬೀಜ. ರುದರ್‌ಫರ್ಡನು ೧೮೯೯ರಲ್ಲಿ ಈ ಕಿರಣವನ್ನು ಉಳಿದುದರಿಂದ ಬೇರ್ಪಡಿಸಿ ಹೆಸರಿಟ್ಟನು. ಭಾರವಾಗಿರುವುದರಿಂದಲೂ ವಿದ್ಯುದಂಶವನ್ನು ಹೊತ್ತಿರುವುದರಿಂದಲೂ ಅದು ದೂರ ಹೋಗಲಾರದು; ಒಂದು ಹಾಳೆ ಕಾಗದ ಅದನ್ನು ತಡೆಯುತ್ತದೆ. ಮಾಂಸದೊಳಗೆ ಅದರ ಓಟ ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದೊಳಗೇ ಮುಗಿಯುತ್ತದೆ, ಎಂದರೆ ಕೆಲವೇ ಜೀವಕೋಶಗಳಷ್ಟು ದೂರ. ಆ ಸಣ್ಣ ದಾರಿಯಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದುಬಿಡುವುದರಿಂದ ಕೋಶದ ವಂಶತಂತುವಿನ ಎರಡು ಎಳೆಗಳನ್ನೂ ಒಟ್ಟಿಗೆ ಕಡಿಯುತ್ತದೆ. ಹೀಗೆ ಕಡಿದುದನ್ನು ಕೋಶವು ದುರಸ್ತಿ ಮಾಡಿಕೊಳ್ಳುವುದು ಕಷ್ಟ. ಇದೇ ಬಗೆಯ ಚಿಕಿತ್ಸೆಯಲ್ಲಿ ಹೆಚ್ಚು ಬಳಕೆಯಲ್ಲಿರುವ ಲುಟೀಷಿಯಂ-೧೭೭ ಸೂಸುವ ಬೀಟಾ ಕಣಗಳಾದರೋ ಎರಡು ಮಿಲಿಮೀಟರಿನವರೆಗೆ ಹೋಗಬಲ್ಲುವು. ಮೊನೆಯ ಹರಿತದ ವಿಷಯದಲ್ಲಿ ಆಲ್ಫಾ ಕಣಕ್ಕೆ ಸಂದ ಹೊಗಳಿಕೆಯೆಲ್ಲ ನ್ಯಾಯವಾದುದೇ. ಆದರೆ ಇಷ್ಟು ಹತ್ತಿರ ಹೋದರೆ ಮಾತ್ರ ಕೊಲ್ಲುವ ವಸ್ತುವನ್ನು ಅಷ್ಟು ಹತ್ತಿರಕ್ಕೆ ಒಯ್ಯುವವರು ಯಾರು?

ಈ ಪ್ರಶ್ನೆಗೆ ಉತ್ತರವಿಲ್ಲದುದರಿಂದಲೇ ಮೊದಲ ಅರ್ಧ ಶತಮಾನದ ರೇಡಿಯಂ ವೈದ್ಯವು ಆಲ್ಫಾ ಕಿರಣವನ್ನು ಸೆರೆಯಲ್ಲಿಟ್ಟಿತ್ತು. ಕ್ಯೂರಿ ದಂಪತಿಗಳು ೧೮೯೮ರ ಡಿಸೆಂಬರಿನಲ್ಲಿ ರೇಡಿಯಂ ಧಾತುವನ್ನು ಪ್ರಕಟಪಡಿಸಿದ ಕೆಲವೇ ವರ್ಷಗಳಲ್ಲಿ ಅದು ವೈದ್ಯರ ಕೈಗೆ ಬಂದಿತು. ಆಸ್ಪತ್ರೆಗಳಲ್ಲಿ ಬಳಕೆಗೆ ಬಂದ ರೇಡಿಯಂ ಸೂಜಿಗಳಿಗೂ ಕೊಳವೆಗಳಿಗೂ ಲೋಹದ ಹೊದಿಕೆಯಿರುತ್ತಿತ್ತು. ಆ ಹೊದಿಕೆಯನ್ನು ದಾಟಿ ಬಂದು ಗೆಡ್ಡೆಯನ್ನು ಸುಡುತ್ತಿದ್ದುದು ಗ್ಯಾಮಾ ಕಿರಣ. ಆಲ್ಫಾ ಕಣಗಳು ಒಳಗೇ ತಡೆಹಿಡಿಯಲ್ಪಡುತ್ತಿದ್ದುವು. “ರೇಡಿಯಂ ಚಿಕಿತ್ಸೆಗೆ ನೂರು ವರ್ಷಗಳ ಅನುಭವವಿದೆ, ಆಲ್ಫಾ ಚಿಕಿತ್ಸೆ ಅದರ ಮುಂದುವರಿಕೆ” ಎಂಬ ವಾದವನ್ನು ಒಪ್ಪಲಾಗದಿರುವುದು ಈ ಕಾರಣದಿಂದ. ಧಾತು ಒಂದೇ ಆದರೂ ಕೆಲಸ ಮಾಡಿದ ಕಿರಣ ಬೇರೆ.

ಆಲ್ಫಾ ಕಣ ಮನುಷ್ಯನ ದೇಹದೊಳಕ್ಕೆ ಹೊದಿಕೆಯಿಲ್ಲದೆ ಹೊಕ್ಕ ಚರಿತ್ರೆ ಬೇರೆಯೇ ಇದೆ. ಅದು ಆಸ್ಪತ್ರೆಯಲ್ಲಿ ಆರಂಭವಾಗಲಿಲ್ಲ, ಕಾರ್ಖಾನೆಯಲ್ಲಿ ಆರಂಭವಾಯಿತು. ೧೯೧೭ರ ಸುಮಾರಿನಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರದ ಮುಖಗಳಿಗೆ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿಟ್ಟು ಚೂಪುಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡುವಂತೆ ಅವರಿಗೆ ಕಲಿಸಲಾಗಿತ್ತು. ಕೆಲವು ವರ್ಷಗಳಲ್ಲಿ ಅವರ ದವಡೆಯ ಎಲುಬು ಕೊಳೆಯತೊಡಗಿತು. ಮುಂದೆ ಕೆಲವರಿಗೆ ಎಲುಬಿನ ಕ್ಯಾನ್ಸರ್ ಬಂದಿತು. ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ವೈದ್ಯನು ೧೯೨೫ರಲ್ಲಿ ಇದರ ಕಾರಣವನ್ನು ತೋರಿಸಿಕೊಟ್ಟನು. ೧೯೨೮ರಲ್ಲಿ ಐವರು ಹೆಂಗಸರು ಹೂಡಿದ್ದ ದಾವೆ ರಾಜಿಯಲ್ಲಿ ಮುಗಿಯಿತು. ಅದೇ ಕಾಲದಲ್ಲಿ ಅಲ್ಲಿಯೇ ರೇಡಿಯಂ ಬೆರೆಸಿದ ನೀರನ್ನು ಶಕ್ತಿವರ್ಧಕವೆಂದು ಸೀಸೆಗಳಲ್ಲಿ ಮಾರುತ್ತಿದ್ದರು. ಅದನ್ನು ವರ್ಷಗಟ್ಟಲೆ ಕುಡಿದ ಎಬೆನ್ ಬೈಯರ್ಸ್ ಎಂಬ ಧನಿಕ ೧೯೩೨ರಲ್ಲಿ ಸತ್ತನು.

ರೇಡಿಯಂ ಎಲುಬಿಗೇ ಏಕೆ ಹೋಯಿತು? ಧಾತುಗಳ ಕೋಷ್ಟಕದಲ್ಲಿ ರೇಡಿಯಂ ಇರುವುದು ಕ್ಯಾಲ್ಸಿಯಂ ಇರುವ ಕಂಬದಲ್ಲಿಯೇ. ಎಲುಬು ಕಟ್ಟುವ ಶರೀರವು ಅದನ್ನು ಸುಣ್ಣದಂಶವೆಂದು ಬಗೆದು ಒಳಗೆ ಸೇರಿಸಿಕೊಂಡಿತು. ಎಂದರೆ ಆಲ್ಫಾ ಕಣವನ್ನು ಗುರಿಗೆ ಒಯ್ದುದು ಒಂದು ಹೋಲಿಕೆ. ಕೊಡದ ಸದ್ದು ಆನೆಯ ಸದ್ದಿನಂತೆ ಕೇಳಿಸಿದ ಹಾಗೆಯೇ ಇದು.

ಮೂರನೆಯ ಮತ್ತು ನಾಲ್ಕನೆಯ ಪ್ರಸಂಗಗಳು ವೈದ್ಯರ ಕೈಯಿಂದಲೇ ನಡೆದುವು. ೧೯೩೦ರ ಸುಮಾರಿನಿಂದ ೧೯೫೦ರ ದಶಕದವರೆಗೆ ಎಕ್ಸ್‌ರೇ ಚಿತ್ರ ಸ್ಪಷ್ಟವಾಗಿ ಮೂಡಲೆಂದು ಥೋರೊಟ್ರಾಸ್ಟ್ ಎಂಬ ಥೋರಿಯಂ ದ್ರವವನ್ನು ರಕ್ತನಾಳಕ್ಕೆ ಕೊಡುತ್ತಿದ್ದರು. ಚಿತ್ರಗಳು ಬಹಳ ಚೆನ್ನಾಗಿ ಬರುತ್ತಿದ್ದುವು. ಆದರೆ ಆ ವಸ್ತು ಯಕೃತ್ತಿನಲ್ಲಿ ಆಜೀವ ಉಳಿದು, ಎರಡು ಮೂರು ದಶಕಗಳ ಮೇಲೆ ಅಲ್ಲಿ ಕ್ಯಾನ್ಸರ್ ತಂದಿತು. ಎರಡನೆಯ ಮಹಾಯುದ್ಧ ಮುಗಿದ ಕಾಲದ ಜರ್ಮನಿಯಲ್ಲಿ ಎಲುಬಿನ ಕ್ಷಯರೋಗಕ್ಕೂ ಬೆನ್ನೆಲುಬು ಬಿಗಿದುಕೊಳ್ಳುವ ರೋಗಕ್ಕೂ ರೇಡಿಯಂ-೨೨೪ ಚುಚ್ಚುಮದ್ದನ್ನು ಕೊಟ್ಟರು. ಅದನ್ನು ಪಡೆದವರಲ್ಲಿ ಮಕ್ಕಳೂ ಬಹುಮಂದಿ ಇದ್ದರು. ಹೈನ್ಸ್ ಸ್ಪೀಸ್ ಎಂಬ ವೈದ್ಯರು ಇಂಥ ಸುಮಾರು ಒಂಬೈನೂರು ಮಂದಿಯನ್ನು ದಶಕಗಳ ಕಾಲ ಬಿಡದೆ ಅನುಸರಿಸಿದರು. ಅವರಲ್ಲಿ ಐವತ್ತಕ್ಕೂ ಹೆಚ್ಚು ಮಂದಿಗೆ ಎಲುಬಿನ ಕ್ಯಾನ್ಸರ್ ಬಂದಿತು. ಅಷ್ಟು ಜನಸಂಖ್ಯೆಯಲ್ಲಿ ಸಹಜವಾಗಿ ಒಂದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವಂತಿರಲಿಲ್ಲ. ಔಷಧ ಕೊಟ್ಟವರ ಹೆಸರಿಗಿಂತ ಹೀಗೆ ಎಣಿಸುತ್ತ ಕುಳಿತವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕಾದುದು.

ಈ ಹಿನ್ನೆಲೆಯಲ್ಲಿ ೨೦೧೩ರ ಮೇ ತಿಂಗಳಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ರೇಡಿಯಂ-೨೨೩ಕ್ಕೆ ಮನ್ನಣೆಯಿತ್ತುದು ಚರಿತ್ರೆಯ ದೃಷ್ಟಿಯಿಂದ ವಿಚಿತ್ರವಾದ ಘಟನೆ. ಹಾರ್ಮೋನು ಚಿಕಿತ್ಸೆಗೆ ಬಗ್ಗದೆ ಎಲುಬುಗಳಿಗೆ ಹರಡಿದ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಇದು ಮದ್ದು. ಕ್ಯಾನ್ಸರ್ ಹರಡಿದ ಎಡೆಯಲ್ಲಿ ಎಲುಬು ಕೆಟ್ಟ ರೀತಿಯಲ್ಲಿ ಹೊಸದಾಗಿ ಬೆಳೆಯುತ್ತಿರುತ್ತದೆ. ಬೆಳೆಯುವ ಎಲುಬು ಸುಣ್ಣವನ್ನು ಬೇಡುತ್ತದೆ. ರೇಡಿಯಂ ಅಲ್ಲಿಗೆ ಹೋಗುತ್ತದೆ. ನ್ಯೂಜೆರ್ಸಿಯ ಹೆಣ್ಣುಮಕ್ಕಳನ್ನು ಕೊಂದ ಗುಣವೇ ಇಲ್ಲಿ ಮದ್ದಿನ ಗುಣ. ಬದಲಾದುದು ಪ್ರಮಾಣ, ಮತ್ತು ಕಾಲ: ಗಡಿಯಾರದ ಬಣ್ಣದಲ್ಲಿದ್ದ ರೇಡಿಯಂ-೨೨೬ರ ಅರ್ಧಾಯುಷ್ಯ ೧೬೦೦ ವರ್ಷ, ರೇಡಿಯಂ-೨೨೩ರದು ೧೧.೪ ದಿನ. ಇದರ ಪ್ರಯೋಗದಲ್ಲಿ ೯೨೧ ರೋಗಿಗಳಿದ್ದರು. ಮದ್ದು ಪಡೆದವರ ಮಧ್ಯಸ್ಥ ಆಯುಷ್ಯ ೧೪.೯ ತಿಂಗಳು, ಪಡೆಯದವರದು ೧೧.೩ ತಿಂಗಳು. ಮೂರೂವರೆ ತಿಂಗಳಿನ ಈ ಅಂತರವನ್ನು ಅಲ್ಪವೆಂದು ತಳ್ಳಿಹಾಕುವ ಎದೆಗಾರಿಕೆ ನನಗಿಲ್ಲ; ಮಗಳ ಮದುವೆಯೊಂದು ಅಷ್ಟರಲ್ಲಿ ಮುಗಿಯಬಹುದು. ಆದರೆ ಅದು ರಾಮಬಾಣದ ಲೆಕ್ಕವಲ್ಲ.

ಇದಾದ ಮೇಲೆ ಹೆಚ್ಚು ಫಲ ಬರಲೆಂದು ಇದೇ ರೇಡಿಯಂ-೨೨೩ನ್ನು ಅಬಿರಾಟೆರೋನ್ ಎಂಬ ಮಾತ್ರೆಯೊಡನೆ ಕೂಡಿಸಿ ಎಂಟುನೂರಕ್ಕೂ ಹೆಚ್ಚು ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆಸಿದರು. ರೇಡಿಯಂ ಪಡೆದ ಗುಂಪಿನಲ್ಲಿ ಎಲುಬು ಮುರಿದ ಪ್ರಕರಣಗಳು ಸುಮಾರು ಎರಡೂವರೆ ಪಟ್ಟು ಹೆಚ್ಚಾಗಿ ಕಂಡುಬಂದುವು. ೨೦೧೭ರ ಕೊನೆಯಲ್ಲಿ ಪ್ರಯೋಗದ ಗುಟ್ಟನ್ನು ಬಿಚ್ಚಬೇಕಾಯಿತು. ೨೦೧೮ರಲ್ಲಿ ಯುರೋಪಿನ ನಿಯಂತ್ರಣ ಸಂಸ್ಥೆ ಈ ಮದ್ದಿನ ಬಳಕೆಗೆ ಕಟ್ಟುಪಾಡು ವಿಧಿಸಿತು. ಎಲುಬನ್ನು ಬಲಪಡಿಸುವ ಮದ್ದನ್ನು ಜೊತೆಗೆ ಪಡೆಯುತ್ತಿದ್ದವರಲ್ಲಿ ಮುರಿತಗಳು ಕಡಿಮೆಯಿದ್ದುವೆಂಬುದೂ ತಿಳಿದುಬಂದಿತು. ಸುಣ್ಣವನ್ನು ಬೇಡುವುದು ಕ್ಯಾನ್ಸರ್ ಹಿಡಿದ ಎಲುಬು ಮಾತ್ರವಲ್ಲ. ವಯಸ್ಸಾಗಿ ಸವೆದ, ತನ್ನನ್ನು ತಾನು ದುರಸ್ತಿ ಮಾಡಿಕೊಳ್ಳುತ್ತಿರುವ ಸಾಮಾನ್ಯ ಎಲುಬೂ ಅದೇ ಸದ್ದನ್ನು ಮಾಡುತ್ತದೆ.

ಇನ್ನು ಈಚಿನ ಬೆಳೆವಣಿಗೆ. ಇಲ್ಲಿ ಧಾತುವಿನ ಸ್ವಂತ ಗುಣವನ್ನು ನಂಬಿ ಕೂರುವುದಿಲ್ಲ. ಕ್ಯಾನ್ಸರ್ ಕೋಶದ ಮೈಮೇಲಿನ ಒಂದು ಗುರುತನ್ನು ಹಿಡಿದುಕೊಳ್ಳಬಲ್ಲ ಸಣ್ಣ ಅಣುವನ್ನು ರಚಿಸಿ, ಅದಕ್ಕೆ ಆಲ್ಫಾ ಸೂಸುವ ಧಾತುವನ್ನು ಕಟ್ಟಿ ಕಳುಹಿಸುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಈ ಗುರುತಿಗೆ ಪಿ.ಎಸ್.ಎಂ.ಎ. ಎಂದು ಹೆಸರು, ಧಾತು ಆಕ್ಟಿನಿಯಂ-೨೨೫. ಜರ್ಮನಿಯ ಹೈಡೆಲ್ಬರ್ಗಿನ ವೈದ್ಯರು ೨೦೧೬ರಲ್ಲಿ ಇಬ್ಬರು ರೋಗಿಗಳ ಚಿತ್ರಗಳನ್ನು ಪ್ರಕಟಿಸಿದರು. ಚಿಕಿತ್ಸೆಗೆ ಮೊದಲು ಮೈಯೆಲ್ಲ ಕಪ್ಪು ಚುಕ್ಕೆಗಳಿಂದ ತುಂಬಿದ್ದುದು, ಅನಂತರ ಆ ಚುಕ್ಕೆಗಳು ಇಲ್ಲವಾದುದು ಆ ಚಿತ್ರಗಳಲ್ಲಿ ಕಾಣುತ್ತದೆ. ರಾಮಬಾಣವೆಂಬ ಮಾತಿಗೆ ಹೊಸ ಕಸುವು ಬಂದುದು ಇಂಥ ಚಿತ್ರಗಳಿಂದ. ಅವು ಸುಳ್ಳಲ್ಲ. ಆದರೆ ಎರಡು ಶಾಸನಗಳನ್ನು ಓದಿ ಒಂದು ರಾಜವಂಶದ ಚರಿತ್ರೆ ಬರೆಯುವವನನ್ನು ನಾವು ಏನೆನ್ನುತ್ತೇವೆಯೋ, ಈ ಎರಡು ಚಿತ್ರಗಳಿಂದ ತೀರ್ಪು ಕೊಡುವವನನ್ನೂ ಹಾಗೆಯೇ ಅನ್ನಬೇಕಾಗುತ್ತದೆ.

ಗುರುತಿನ ಹೆಸರನ್ನೇ ನೋಡಿ. ಪಿ.ಎಸ್.ಎಂ.ಎ. ಎಂಬ ಅಕ್ಷರಗಳಲ್ಲಿ ಎರಡನೆಯದು “ವಿಶಿಷ್ಟ” ಎಂಬುದನ್ನು ಹೇಳುತ್ತದೆ: ಪ್ರಾಸ್ಟೇಟಿಗೆ ಮಾತ್ರ ಸೇರಿದುದು ಎಂದು ಭಾವ. ವಾಸ್ತವವಾಗಿ ಈ ಪ್ರೋಟೀನು ಮೂತ್ರಪಿಂಡದಲ್ಲಿಯೂ ಸಣ್ಣಕರುಳಿನಲ್ಲಿಯೂ ಬೇರೆ ಕೆಲವು ಗೆಡ್ಡೆಗಳ ಹೊಸ ರಕ್ತನಾಳಗಳಲ್ಲಿಯೂ ಇದೆ. ಜೊಲ್ಲುಗ್ರಂಥಿಗಳಾದರೋ ತಮ್ಮಲ್ಲಿರುವ ಅಲ್ಪ ಗುರುತಿಗೆ ಮೀರಿ, ಬೇರೆ ದಾರಿಗಳಿಂದಲೂ ಆ ಅಣುವನ್ನು ಹೀರಿಕೊಳ್ಳುತ್ತವೆ. ಪರಿಣಾಮ ಬಾಯಿ ಒಣಗುವುದು. ಕೇಳಲು ಇದು ಸಣ್ಣ ಸಂಗತಿ. ಆದರೆ ಜೊಲ್ಲಿಲ್ಲದ ಬಾಯಿಯಲ್ಲಿ ಮುದ್ದೆ ಇಳಿಯುವುದಿಲ್ಲ, ರುಚಿ ತಿಳಿಯುವುದಿಲ್ಲ, ಹಲ್ಲು ನಿಲ್ಲುವುದಿಲ್ಲ, ರಾತ್ರಿ ನಿದ್ರೆ ಬರುವುದಿಲ್ಲ. ಹೈಡೆಲ್ಬರ್ಗಿನವರದೇ ೨೦೧೮ರ ವರದಿಯಲ್ಲಿ ನಲವತ್ತು ಮಂದಿಯಲ್ಲಿ ನಾಲ್ವರು ಗೆಡ್ಡೆ ಕರಗುತ್ತಿದ್ದರೂ ಬಾಯೊಣಗುವಿಕೆಯನ್ನು ತಾಳಲಾರದೆ ಚಿಕಿತ್ಸೆಯನ್ನು ಬಿಟ್ಟರು. ಸಾವನ್ನು ದೂರವಿಡುತ್ತಿದ್ದ ಮದ್ದನ್ನು ಒಣಗಿದ ಬಾಯಿಗಾಗಿ ಬೇಡವೆಂದ ಆ ನಾಲ್ವರ ಸಾಕ್ಷ್ಯ ನನಗೆ ಸರಾಸರಿಗಳಿಗಿಂತ ಮುಖ್ಯವಾಗಿ ಕಾಣುತ್ತದೆ.

ನಮ್ಮ ದೇಶ ಈ ಪ್ರಯತ್ನದಲ್ಲಿ ಹಿಂದುಳಿದಿಲ್ಲ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ಚಂದ್ರಶೇಖರ ಬಾಲ್ ಅವರ ತಂಡದವರು ಪ್ರಾಸ್ಟೇಟ್ ಕ್ಯಾನ್ಸರಿಗೂ, ಕರುಳು ಮತ್ತು ಮೇದೋಜೀರಕ ಗ್ರಂಥಿಯ ಒಂದು ಬಗೆಯ ಗೆಡ್ಡೆಗಳಿಗೂ ಆಕ್ಟಿನಿಯಂ-೨೨೫ನ್ನು ಬಳಸಿ ೨೦೨೦ರಲ್ಲಿಯೇ ವರದಿಗಳನ್ನು ಪ್ರಕಟಿಸಿದರು. ಭಾರತವೂ ಸೇರಿ ನಾಲ್ಕು ದೇಶಗಳ ೪೮೮ ಪ್ರಾಸ್ಟೇಟ್ ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವರದಿ ೨೦೨೪ರಲ್ಲಿ ಬಂದಿತು. ಇವರಲ್ಲಿ ಬಹುಮಂದಿ ಉಳಿದ ಚಿಕಿತ್ಸೆಗಳನ್ನೆಲ್ಲ ಮುಗಿಸಿ ಬಂದವರು. ಮಧ್ಯಸ್ಥ ಆಯುಷ್ಯ ೧೫.೫ ತಿಂಗಳು; ಬಾಯಿ ಒಣಗಿದವರು ಮೂವರಲ್ಲಿ ಇಬ್ಬರಷ್ಟು. ಬೇರೆ ದಾರಿಯಿಲ್ಲದವರಲ್ಲಿ ಇಷ್ಟು ಫಲ ಕಂಡುದು ಸಾಮಾನ್ಯವಲ್ಲ. ಆದರೂ ಈ ವರದಿ ಹಿಂದೆ ಕೊಟ್ಟ ಚಿಕಿತ್ಸೆಗಳ ದಾಖಲೆಗಳಿಂದ ಆರಿಸಿದುದು. ಚಿಕಿತ್ಸೆ ಪಡೆಯದ ಸಮಾನ ಗುಂಪೊಂದನ್ನು ಪಕ್ಕದಲ್ಲಿಟ್ಟು ತೂಗಿದುದಲ್ಲ. ದಾಖಲೆ ಉಳಿದವರ ಕಥೆಯನ್ನೇ ಚರಿತ್ರೆಯೆಂದು ಬಗೆಯಬಾರದೆಂದು ನಮ್ಮ ವಿದ್ಯಾರ್ಥಿಗಳಿಗೆ ಪ್ರತಿವರ್ಷ ಹೇಳುತ್ತೇವೆ; ಆ ಎಚ್ಚರ ಇಲ್ಲಿಯೂ ಬೇಕು.

ಆಕ್ಟಿನಿಯಂ ವಿಷಯದಲ್ಲಿ ಬಾಣದ ಉಪಮಾನಕ್ಕೆ ಇನ್ನೊಂದು ತೊಡಕುಂಟು. ಬಿಟ್ಟ ಬಾಣ ನಾಟಿದ ಮೇಲೆ ಅಲ್ಲಿಯೇ ಉಳಿಯುತ್ತದೆ. ಆಕ್ಟಿನಿಯಂ-೨೨೫ ಹಾಗಲ್ಲ. ಅದು ಸಿಡಿದು ಒಂದು ಆಲ್ಫಾ ಕಣವನ್ನು ಬಿಟ್ಟೊಡನೆ ಫ್ರಾನ್ಸಿಯಂ-೨೨೧ ಆಗುತ್ತದೆ. ಬಂದೂಕು ಹಾರಿಸಿದವನ ಹೆಗಲು ಹಿಂದಕ್ಕೆ ಒದೆಯಲ್ಪಡುವಂತೆ ಆ ಹೊಸ ಪರಮಾಣು ಹಿಂದಕ್ಕೆ ಚಿಮ್ಮುತ್ತದೆ. ಆ ಒದೆತದ ಶಕ್ತಿಯು ಅಣುವಿನ ಕಟ್ಟನ್ನು ಹರಿಯಲು ಬೇಕಾದುದಕ್ಕಿಂತ ಸಾವಿರಾರು ಪಟ್ಟು ಹೆಚ್ಚು. ಹೀಗೆ ದಾರ ಹರಿದ ಪರಮಾಣುವಿಗೆ ಇನ್ನು ಮೇಲೆ ಗುರುತೂ ಇಲ್ಲ, ಗುರಿಯೂ ಇಲ್ಲ. ಆದರೆ ಅದರ ವಂಶದಲ್ಲಿ ಇನ್ನೂ ಮೂರು ಆಲ್ಫಾ ಕಣಗಳು ಉಳಿದಿರುತ್ತವೆ. ಮುಂದಿನ ಪೀಳಿಗೆಯ ಬಿಸ್ಮತ್-೨೧೩ಕ್ಕೆ ೪೬ ನಿಮಿಷಗಳ ಅರ್ಧಾಯುಷ್ಯವಿದ್ದು, ಅಷ್ಟರಲ್ಲಿ ಅದು ರಕ್ತದೊಡನೆ ಮೂತ್ರಪಿಂಡವನ್ನು ಸೇರಬಲ್ಲುದು. ಮೂಲ ಅಣು ಕೋಶದೊಳಕ್ಕೆ ಹೋಗಿದ್ದರೆ ಸಂತತಿಯ ಬಹುಪಾಲು ಅಲ್ಲಿಯೇ ಸೆರೆಯಾಗುತ್ತದೆ. ಹೊರಗೆ ಅಲೆಯುತ್ತಿದ್ದರೆ ಇಲ್ಲ. ನಾಲ್ಕು ಆಲ್ಫಾ ಕಣಗಳೆಂಬುದನ್ನು ಮದ್ದಿನ ಹೆಚ್ಚುಗಾರಿಕೆಯೆಂದು ಹೇಳುವವರು ಈ ನಾಲ್ಕರಲ್ಲಿ ಗುರುತಿನ ಆಣತಿಗೆ ಒಳಪಟ್ಟುದು ಮೊದಲನೆಯದು ಮಾತ್ರವೆಂಬುದನ್ನೂ ಹೇಳಬೇಕು.

ಇಷ್ಟಾದ ಮೇಲೆ ನಾನು ಮುಂದಿಟ್ಟ ಉಪಮಾನವನ್ನೂ ಅದೇ ಒರೆಗಲ್ಲಿಗೆ ಹಚ್ಚುವುದು ನ್ಯಾಯ. ದಶರಥನಿಗೆ ಕತ್ತಲೆಯಿತ್ತು, ಇಂದಿನ ವೈದ್ಯನಿಗೆ ದೀಪವುಂಟು. ಚಿಕಿತ್ಸೆಗೆ ಮೊದಲು ಅದೇ ಗುರುತನ್ನು ಹಿಡಿಯುವ ಅಣುವಿಗೆ ಗ್ಯಾಲಿಯಂ-೬೮ನ್ನು ಕಟ್ಟಿ ಕಳುಹಿಸಿ, ಮೈಯಲ್ಲಿ ಎಲ್ಲೆಲ್ಲಿಂದ ಸದ್ದು ಬರುತ್ತಿದೆಯೆಂದು ಸ್ಕ್ಯಾನ್ ಚಿತ್ರದಲ್ಲಿ ನೋಡಿಕೊಳ್ಳುತ್ತಾರೆ. ಸದ್ದೇ ಇಲ್ಲದ ರೋಗಿಗೆ ಬಾಣ ಬಿಡುವುದಿಲ್ಲ. ಆದುದರಿಂದ ಶಬ್ದವೇಧಿಯೆಂಬುದೂ ಪೂರ್ತಿ ಒಪ್ಪುವ ಹೋಲಿಕೆಯಲ್ಲ. ಆದರೆ ಈ ದೀಪದಿಂದ ಹೊಣೆ ಕಡಿಮೆಯಾಗುವುದಿಲ್ಲ, ಹೆಚ್ಚುತ್ತದೆ. ಆ ಚಿತ್ರದಲ್ಲಿ ಜೊಲ್ಲುಗ್ರಂಥಿಗಳೂ ಮೂತ್ರಪಿಂಡಗಳೂ ಎದ್ದು ಕಾಣುತ್ತವೆ. ದಶರಥನು ನದೀತೀರದಲ್ಲಿ ಹುಡುಗನಿದ್ದಾನೆಂದು ಅರಿಯದೆ ಹೊಡೆದನು. ಇಲ್ಲಿ ಆನೆಯೂ ಹುಡುಗನೂ ಒಂದೇ ಚಿತ್ರದಲ್ಲಿ ಕಾಣುತ್ತಿರುವಾಗ, ಇಬ್ಬರನ್ನೂ ತೂಗಿ, ಅರಿತೇ ಬಿಡುತ್ತಾರೆ. ಬಿಡುವುದು ಸರಿಯಿರಬಹುದು. ಅರಿತು ಬಿಟ್ಟುದನ್ನು ರೋಗಿಗೆ ಅರಿವಾಗುವಂತೆ ಹೇಳಿದರೆ ಮಾತ್ರ ಅದು ಸರಿ.

ಹನ್ನೊಂದು ತಿಂಗಳ ಆಯುಷ್ಯ ಉಳಿದಿರುವವನಿಗೆ ಇಪ್ಪತ್ತು ವರ್ಷಗಳ ಮೇಲೆ ಬರಬಹುದಾದ ಇನ್ನೊಂದು ಕ್ಯಾನ್ಸರಿನ ಭಯವನ್ನು ತೋರಿಸುವುದು ಅರ್ಥಹೀನವೆಂದು ಯಾರಾದರೂ ಆಕ್ಷೇಪಿಸಿದರೆ ನಾನು ಒಪ್ಪುತ್ತೇನೆ. ಆದರೆ ಚಿಕಿತ್ಸೆಗಳು ಕೊನೆಯ ಹಂತದಲ್ಲಿ ನಿಲ್ಲುವುದಿಲ್ಲ. ಫಲ ಕಂಡಂತೆಲ್ಲ ರೋಗದ ಮೊದಲ ಹಂತಗಳ ಕಡೆಗೆ ಸರಿಯುತ್ತವೆ. ಆಕ್ಟಿನಿಯಂ ಈಗಾಗಲೇ ಹಾಗೆ ಸರಿಯುತ್ತಿದೆ: ಕೀಮೋಥೆರಪಿಯನ್ನೇ ಪಡೆಯದ ಹದಿನೇಳು ರೋಗಿಗಳಿಗೆ ಅದನ್ನು ಕೊಟ್ಟ ವರದಿಯನ್ನು ದಕ್ಷಿಣ ಆಫ್ರಿಕದ ಪ್ರಿಟೋರಿಯಾದವರು ೨೦೧೯ರಲ್ಲಿಯೇ ಪ್ರಕಟಿಸಿದ್ದಾರೆ. ಇನ್ನೂ ಇಪ್ಪತ್ತು ವರ್ಷ ಬಾಳಬಹುದಾದವನಿಗೆ ಇದನ್ನು ಕೊಡುವ ದಿನ ಬಂದಾಗ ಜರ್ಮನಿಯ ಆ ಮಕ್ಕಳ ಲೆಕ್ಕ ಬೇಕಾಗುತ್ತದೆ. ಅದಕ್ಕಾಗಿ ಇಂದಿನಿಂದಲೇ ಎಣಿಸಬೇಕು. ಬೆಂಗಳೂರಿಗೆ ಇದು ಹೊಸ ಕೆಲಸವಲ್ಲ: ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಲ್ಲಿ ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ೧೯೮೨ರಿಂದ ನಡೆದುಬಂದಿದೆ, ದೇಶದ ಹಳೆಯ ನೋಂದಣಿಗಳಲ್ಲಿ ಅದೊಂದು. ಯಾರಿಗೆ ಯಾವ ರೋಗ ಬಂದಿತೆಂಬುದನ್ನು ಬರೆದಿಡುವ ಪುಸ್ತಕದ ಪಕ್ಕದಲ್ಲಿ, ಯಾರಿಗೆ ಯಾವ ಆಲ್ಫಾ ಧಾತುವನ್ನು ಎಷ್ಟು ಕೊಟ್ಟರು, ಅನಂತರ ಅವರೇನಾದರು ಎಂಬ ಇನ್ನೊಂದು ಪುಸ್ತಕವೂ ಇರಬೇಕು.

ಧಾತುವಿನ ಮೂಲವನ್ನು ಕುರಿತು ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಆಕ್ಟಿನಿಯಂ-೨೨೫ನ್ನು ಗಣಿಯಿಂದ ಅಗೆದು ತೆಗೆಯುವುದಿಲ್ಲ. ಥೋರಿಯಂನಿಂದ ತಯಾರಾದ ಯುರೇನಿಯಂ-೨೩೩ ಬಹುಕಾಲ ಕೂತು ಥೋರಿಯಂ-೨೨೯ ಆಗಿ, ಅದರಿಂದ ಆಕ್ಟಿನಿಯಂ ಹನಿಹನಿಯಾಗಿ ಒಸರುತ್ತದೆ. ಬಹುಕಾಲ ಜಗತ್ತಿಗೆಲ್ಲ ಸಿಕ್ಕುತ್ತಿದ್ದುದು ಓಕ್‌ರಿಡ್ಜ್, ಕಾರ್ಲ್ಸ್‌ರೂಹೆ, ಓಬ್ನಿನ್ಸ್ಕ್ ಎಂಬ ಮೂರು ಊರುಗಳ ಹಳೆಯ ದಾಸ್ತಾನಿನಿಂದ ಮಾತ್ರ. ಥೋರಿಯಂ ನಮ್ಮ ಕಡಲ ಮರಳಿನಲ್ಲಿದೆ. ಮಂಗಳೂರಿನ ಬಳಿ ಉಳ್ಳಾಲದ ಮರಳಿನಲ್ಲಿಯೂ ಥೋರಿಯಂ ಹೊತ್ತ ಮಾನಜೈಟ್ ಇದೆ. ಅದನ್ನು ನೆಚ್ಚಿ ದೇಶದ ಪರಮಾಣು ಯೋಜನೆಯನ್ನು ರೂಪಿಸಿದ ಹೋಮಿ ಭಾಭಾ ೧೯೩೯ರಿಂದ ೧೯೪೫ರವರೆಗೆ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿದ್ದವರು. ಯುರೇನಿಯಂ-೨೩೩ ಉರಿಸುವ ಪುಟ್ಟ ರಿಯಾಕ್ಟರೊಂದು ೧೯೯೬ರಲ್ಲಿ ಕಲ್ಪಾಕ್ಕಂನಲ್ಲಿ ಆರಂಭವಾಯಿತು. ಹೀಗಿದ್ದೂ ದೆಹಲಿಯ ಆ ಮೊದಲ ಚಿಕಿತ್ಸೆಗಳಿಗೆ ಆಕ್ಟಿನಿಯಂ ಹೊರದೇಶದಿಂದ ಬರಬೇಕಾಯಿತು. ಇನ್ನೊಂದು ದಾರಿಯೂ ಈಚೆಗೆ ತೆರೆದಿದೆ. ಆಸ್ಪತ್ರೆಗಳ ನೆಲಮಾಳಿಗೆಗಳಲ್ಲಿ ಬೇಡದ ವಸ್ತುವಾಗಿ ಬಿದ್ದಿರುವ ಹಳೆಯ ರೇಡಿಯಂ ಸೂಜಿಗಳನ್ನು ಒಟ್ಟುಮಾಡಿ, ಅವುಗಳ ರೇಡಿಯಂ-೨೨೬ರಿಂದ ಆಕ್ಟಿನಿಯಂ ತಯಾರಿಸಲು ನೆರವಾಗುವ ಯೋಜನೆಯೊಂದನ್ನು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ೨೦೨೧ರಲ್ಲಿ ಆರಂಭಿಸಿತು. ಲೋಹದ ಹೊದಿಕೆಯೊಳಗೆ ಆಲ್ಫಾ ಕಣವನ್ನು ಸೆರೆಯಿಟ್ಟಿದ್ದ ಆ ಸೂಜಿಗಳನ್ನೇ ಈಗ ಒಡೆಯುತ್ತಿದ್ದಾರೆ.

ಹಾಗಾದರೆ ಕನ್ನಡದಲ್ಲಿ ಇದನ್ನು ಏನೆಂದು ಕರೆಯಬೇಕು? “ಗುರುತು ಹಿಡಿದು ಹೋಗುವ ಆಲ್ಫಾ ಚಿಕಿತ್ಸೆ” ಎಂದರೆ ಮಾತು ಸ್ವಲ್ಪ ಉದ್ದವಾಗುತ್ತದೆ, ಆದರೆ ಕೇಳಿದವನು “ಯಾವ ಗುರುತು? ಅದು ಮೈಯಲ್ಲಿ ಇನ್ನೆಲ್ಲಿದೆ?” ಎಂದು ಕೇಳುತ್ತಾನೆ. “ಗುರಿಯಿಟ್ಟ” ಎಂದಾಗ ಅವನು ಏನನ್ನೂ ಕೇಳುವುದಿಲ್ಲ. ತಮಿಳಿಗೂ ಉರ್ದುವಿಗೂ ಇದನ್ನು ತಿರುಗಿಸುವವರಿಗೆ ಕುಱಿಯೂ ನಿಶಾನಿಯೂ ಸಿದ್ಧವಾಗಿಯೇ ಇವೆ. ರೋಗಿಯಿಂದ ಒಪ್ಪಿಗೆ ಬರೆಯಿಸಿಕೊಳ್ಳುವ ಪತ್ರವನ್ನು ಮೂರು ಭಾಷೆಗಳಲ್ಲಿಯೂ ಅಚ್ಚುಮಾಡಿಸುವಾಗ ಬಾಯೊಣಗುವ ವಿಷಯವನ್ನು, ಮೂತ್ರಪಿಂಡದ ವಿಷಯವನ್ನು ಮೊದಲ ಪುಟದಲ್ಲಿಯೇ, ಸಹಿಗಿಂತ ಮೇಲೆ, ದಪ್ಪ ಅಕ್ಷರಗಳಲ್ಲಿ ಹಾಕಿಸಬೇಕು.